ಬ್ಯಾಟರಿ ಮಂಟಯ್ಯ

೧೯೫೩ರಲ್ಲಿ ಕೊಳ್ಳೇಗಾಲದ ಲಾರಿ ಷೆಡ್ಡಿನಲ್ಲಿ ಬ್ಯಾಟರಿ ಕೆಲಸ ಬಲ್ಲವನೆಂದರೆ ಮಂಟಯ್ಯ ಒಬ್ಬನೇ. ರೇಷ್ಮೆಗೂಡಿನ ವ್ಯಾಪಾರಿ ವೀರಭದ್ರಪ್ಪನ ಮೋಟಾರ್ ಸೈಕಲ್ಲಿಗೆ, ಹಳೆಯದರ ಅಳತೆ ತೆಗೆದು, ಆರು ವೋಲ್ಟಿನ ಹೊಸ ಬ್ಯಾಟರಿಯನ್ನು ಮೈಸೂರಿನಿಂದ ತರಿಸಿ ಕೂರಿಸಿದವನು ಅವನೇ.

“ತಿಂಗ್ಳಿಗೊಂದ್ಸಲ ಮುಚ್ಚಳ ಬಿಚ್ಚಿ ನೋಡಿ ಸಾ. ನೀರು ಇಳಿದಿದ್ರೆ ಡಿಸ್ಟಿಲ್ ವಾಟ್ರೇ ಉಯ್ಬೇಕು. ಬಾವಿ ನೀರು ಬ್ಯಾಡ,” ಎಂದು ಹೇಳಿಯೂ ಕಳಿಸಿದ್ದ.

ನಾಲ್ಕು ತಿಂಗಳಿಗೆ ವೀರಭದ್ರಪ್ಪ ಸತ್ತ ಬ್ಯಾಟರಿ ಹೊರಿಸಿಕೊಂಡು ಬಂದ. ಸಂತೆಯ ದಿನ, ಷೆಡ್ಡಿನ ಮುಂದೆ ಜನವೋ ಜನ.

“ಕೆಟ್ಟ ಮಾಲು ಕೊಟ್ಟಿದ್ದೀಯ ಕಣ್ಲಾ!” ಎಂದು ಕೂಗಿದ.

ಮಂಟಯ್ಯ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆಗೆದ. ಒಳಗಿನ ತಟ್ಟೆಗಳು ಬೆಳ್ಳಗೆ ಪೊರೆಗಟ್ಟಿದ್ದವು. “ಬಾವಿ ನೀರು ಉಯ್ದಿದ್ದೀರಿ ಸಾ,” ಎಂದುಬಿಟ್ಟ. ಯಾರೋ ಕಿಸಕ್ಕನೆ ನಕ್ಕರು.

ಆ ನಗು ಕೇಳಿದ್ದೇ ವೀರಭದ್ರಪ್ಪ ಪಕ್ಕದಲ್ಲಿದ್ದ ಆಸಿಡ್ ಜಾಡಿಯನ್ನು ಝಾಡಿಸಿ ಒದ್ದ. ಆಸಿಡ್ ಮಂಟಯ್ಯನ ಮುಖಕ್ಕೆ ಸಿಡಿಯಿತು. “ನೀರು, ನೀರು” ಎಂದು ಅರಚಿದ. ಷೆಡ್ಡಿನ ನೀರಿನ ತೊಟ್ಟಿ ಹತ್ತು ಹೆಜ್ಜೆಯಲ್ಲಿತ್ತು, ಆದರೆ ಸಾಹುಕಾರನ ಎದುರು ಯಾರೂ ಅಲುಗಲಿಲ್ಲ. ಅವನೇ ತೆವಳಿಕೊಂಡು ಹೋಗಿ ಮುಖ ಅದ್ದಿದ.

“ಬಾವಿ ನೀರಲ್ವೇನ್ಲಾ ಅದು? ಬ್ಯಾಡ ಅಂತಿದ್ದೆ?” ಎಂದ ವೀರಭದ್ರಪ್ಪ. ಈಗ ಎಲ್ಲರೂ ನಕ್ಕರು.

ಬಲಗಣ್ಣು ಹೋಯಿತು. ಒಂದೂವರೆ ತಿಂಗಳ ಮೇಲೆ ಷೆಡ್ಡಿನ ಯಜಮಾನ ಅವನನ್ನು ಕರೆಸಿ, ವೀರಭದ್ರಪ್ಪನ ಕಾಲು ಹಿಡಿಸಿ, ಮತ್ತೆ ಕೆಲಸಕ್ಕೆ ಸೇರಿಸಿಕೊಂಡ. ಮೊದಲ ಕೆಲಸ, ಅದೇ ಮೋಟಾರ್ ಸೈಕಲ್ಲಿಗೆ ಇನ್ನೊಂದು ಬ್ಯಾಟರಿ. ಮಂಟಯ್ಯ ತಂತಿಗಳನ್ನು ಬೆರಳಲ್ಲಿ ತಡವಿ ಸರಿಯಾಗಿಯೇ ಬಿಗಿದ. ವೀರಭದ್ರಪ್ಪ ಹಾರನ್ ಒತ್ತಿ ನೋಡಿ, ಹನೂರಿನ ಕಡೆಗೆ ಹೊರಟುಹೋದ.