ಉಪವಾಸದ ದಿನ ನುಂಗದ ಗುಳಿಗೆ

ಕಾವ್ಯಾ, ಪ್ರವೀಣ, ಹೋದ ವಾರ ಕೊಟ್ಟೂರಿನಿಂದ ಕೂಡ್ಲಿಗಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬಾಕೆ ಕೂತಿದ್ದಳು. ಬಸ್ಸು ಊರು ದಾಟುತ್ತಿದ್ದಂತೆ ಸೊಂಟದಿಂದ ಒಂದು ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ನಶ್ಯಪುಡಿ. ಬೆರಳಲ್ಲಿ ಅದ್ದಿ ಒಸಡಿಗೆ ತಿಕ್ಕಿಕೊಂಡು, ಕಿಟಕಿಯಿಂದ ಕಂದು ಬಣ್ಣದ ಉಗುಳು ಉಗುಳಿದಳು. ಗಾಳಿಗೆ ಅದರ ಹನಿ ನನ್ನ ಮುಂಗೈ ಮೇಲೆ ಬಿತ್ತು. ಸೆರಗಿನಿಂದ ಒರೆಸಿಕೊಂಡೆ, ವಾಸನೆ ಹೋಗಲಿಲ್ಲ. ಮನೆಗೆ ಬಂದು ನಾನು ಊಟ ಬಿಟ್ಟಿದ್ದಕ್ಕೆ ನೀವಿಬ್ಬರೂ "ಬಸ್ಸು ಆಗಿಬರಲಿಲ್ಲ ಅಜ್ಜಿಗೆ" ಎಂದುಕೊಂಡಿರಿ. ನಾನು ಹೌದೆಂದೆ. ಬಸ್ಸಲ್ಲ. ಆ ವಾಸನೆ.

ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾವು ಕೂಡ್ಲಿಗಿಗೆ ಬರುವ ಮುಂಚೆ ಊರಲ್ಲಿದ್ದೆವಲ್ಲ, ಅಲ್ಲಿ ನಮ್ಮ ಎದುರುಮನೆಯಲ್ಲಿ ಜಂಪರ್ ಹೊಲಿಯುವ ಅಕ್ಕ ಒಬ್ಬಳಿದ್ದಳು. ಹೆಸರು ಬರೆಯುವುದಿಲ್ಲ. ಅವಳ ಮೊಮ್ಮಕ್ಕಳು ನಿಮ್ಮ ಜೊತೆಗೇ ಓದುತ್ತಾರೆ. ಅವಳ ಗಂಡ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗೇ ಇರುತ್ತಿದ್ದ. ಮಗ ದುಡಿಯಲು ದೂರದೂರಿಗೆ ಹೋಗಿದ್ದ. ಮನೆಯಲ್ಲಿ ಅವಳು, ಅವಳ ಮೈದುನ, ಆಮೇಲೆ ಆ ಹೊಲಿಗೆ ಮಿಷಿನ್ನು.

ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಊರಿನ ಹೆಂಗಸರ ಅಳತೆಯೆಲ್ಲ ತಲೆಯಲ್ಲೇ ಇತ್ತು. ಎದೆ, ತೋಳು, ಬೆನ್ನಿನ ಉದ್ದ, ಯಾರಿಗೆ ಎಡಭುಜ ತುಸು ಇಳಿದಿದೆ, ಯಾರಿಗೆ ಕಂಕುಳಲ್ಲಿ ಬಿಗಿಯಾಗುತ್ತದೆ, ಎಲ್ಲ. ಹಗರಿಬೊಮ್ಮನಹಳ್ಳಿಗೆ ಕೊಟ್ಟ ಹೆಣ್ಣುಮಗಳು ಬರುವುದೇ ಬೇಡ, ತಾಯಿ ಬಟ್ಟೆ ತಂದು ಕೊಟ್ಟರೆ ಸಾಕು. "ಆಕಿಗೆ ಎರಡನೇದು ಹುಟ್ಟಿ ಎಷ್ಟು ತಿಂಗಳಾತು?" ಎಂದು ಕೇಳಿ, ಅಷ್ಟು ಸಡಿಲ ಬಿಟ್ಟು ಹೊಲಿದು ಕಳಿಸುತ್ತಿದ್ದಳು. ಸರಿಯಾಗಿ ಕೂರುತ್ತಿತ್ತು. ಟೇಪು ಕೊರಳಲ್ಲಿ ಸುಮ್ಮನೆ ಇಳಿಬಿದ್ದಿರುತ್ತಿತ್ತು.

ನಿಮ್ಮ ಅಜ್ಜ ತೀರಿಕೊಂಡ ವರ್ಷ ನಾನು ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಒಂದು ದಿನ ನೀರಿಗೆ ಹೋದಾಗ ಅವಳು ಮಿಷಿನ್ನಿನ ಹಿಂದಿನಿಂದಲೇ ನೋಡಿ ಕೂಗಿದಳು, "ಲೇ ತಂಗಿ, ಎರಡು ಬಟ್ಟು ಇಳದೀಯಲ್ಲ! ಉಣ್ಣಂಗಿಲ್ಲೇನು? ನಿನ್ನ ಹಳೇ ಜಂಪರ್ ಎಲ್ಲಾ ನಾ ಬಿಚ್ಚಿ ಹೊಲೀಬೇಕೇನೀಗ, ಪುಕ್ಕಟೆ?" ಬೀದಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಎಷ್ಟೋ ದಿನದ ಮೇಲೆ. ಸಂಜೆಗೆ ಹಸಿರು ಬಟ್ಟೆಯ ಒಂದು ಜಂಪರ್ ಹೊಲಿದು ತಂದುಕೊಟ್ಟಳು. ಗಂಡ ಸತ್ತವಳಿಗೆ ಹಸಿರು ಯಾಕೆಂದು ಯಾರೋ ಕೇಳಿದರೆ, "ಕುರಿಗೆ ಕೇಳ್ರಿ, ಹಸರು ಯಾರಿಗೆ ಬ್ಯಾಡ ಅಂತಾವ" ಎಂದಳಂತೆ. ಅಂಥ ತಲೆ ಅದು…

ಆ ತಲೆಯನ್ನು ಅವಳು ಹೇಗೆ ಇಟ್ಟುಕೊಂಡಿದ್ದಳೆಂದು ಬರೆಯಲು ನನಗೆ ಈಗಲೂ ಹೇಸಿಗೆಯಾಗುತ್ತದೆ. ಆದರೂ ಬರೆಯುತ್ತೇನೆ.

ಬೆಳಗಿನಿಂದ ದೀಪ ಹಚ್ಚುವವರೆಗೆ ಬಾಯಲ್ಲಿ ನಶ್ಯ. ಒಸಡೆಲ್ಲ ಕಪ್ಪಾಗಿತ್ತು. ಮಿಷಿನ್ನಿನ ಕಾಲ ಬುಡದಲ್ಲಿ ಹಳೆಯ ಎಣ್ಣೆ ಡಬ್ಬಿ, ಅದರಲ್ಲಿ ಬೂದಿ, ಬೂದಿಯ ಮೇಲೆ ಅವಳ ಉಗುಳು, ಅದರ ಮೇಲೆ ನೊಣ. ತಲೆ ಎತ್ತದೆ ಹೊಲಿಯುತ್ತಲೇ ಉಗುಳುತ್ತಿದ್ದಳು. ಒಮ್ಮೆ ಯಾರದೋ ಮದುವೆಯ ರೇಷ್ಮೆ ಬಟ್ಟೆಯ ತೋಳು ಜಾರಿ ಆ ಡಬ್ಬಿಯೊಳಕ್ಕೇ ಬಿತ್ತು. ತೊಳೆದು, ಇಸ್ತ್ರಿ ಹಾಕಿ, ಹೊಲಿದು ಕೊಟ್ಟಳು. "ಹೇಳಬ್ಯಾಡ ನೋಡು" ಎಂದು ನನಗೆ ಕಣ್ಣು ಹೊಡೆದಳು. ಮದುವೆಯ ದಿನ ಆ ಹುಡುಗಿಯ ಮೇಲೆ ಅಕ್ಷತೆ ಹಾಕುವಾಗ ನನಗೆ ಅವಳ ತೋಳಿನ ಕಡೆ ನೋಡಲಾಗಲಿಲ್ಲ.

ಊಟವೂ ಅಲ್ಲೇ. ರೊಟ್ಟಿಗೆ ಉಪ್ಪಿನಕಾಯಿ, ಉಪ್ಪಿನಕಾಯಿಯ ಮೇಲೆ ಮತ್ತೆ ಉಪ್ಪು. ಮಿರ್ಚಿಯನ್ನು ಉಪ್ಪಲ್ಲಿ ಒತ್ತಿಕೊಂಡು ತಿನ್ನುತ್ತಿದ್ದಳು. ಮೊದಲಾದರೂ ಕಾಲಿನಿಂದ ಮಿಷಿನ್ನು ತುಳಿಯುತ್ತಿದ್ದಳು, ಆಮೇಲೆ ಮೈದುನ ಅದಕ್ಕೆ ಮೋಟಾರು ಕೂರಿಸಿಕೊಟ್ಟ. ಕಾಲಿಗಿದ್ದ ಅಷ್ಟು ಕೆಲಸವೂ ತಪ್ಪಿತು. ಮದುವೆಯ ದಿನಗಳು ಬಂದರೆ ನಿದ್ದೆ ಎರಡೋ ಮೂರೋ ತಾಸು. ಕಣ್ಣು ಎಳೆದರೆ ಇನ್ನೊಂದು ಚಿಟಿಕೆ ನಶ್ಯ.

ಒಂದು ದಿನ ಸಂತೆಯಲ್ಲಿ ತಲೆ ತಿರುಗಿ ಕೂತುಬಿಟ್ಟಳು. ನಾನೇ ಕೂಡ್ಲಿಗಿಗೆ ಕರೆದುಕೊಂಡು ಬಂದೆ. ನನಗೆ ಓದಲು ಬರುತ್ತದೆಂದು ಅವಳು ನನ್ನನ್ನೇ ಬೇಕೆಂದಳು. ಡಾಕ್ಟರು ಬಿಪಿ ನೋಡಿ, ಮತ್ತೊಮ್ಮೆ ನೋಡಿ, ಬೆವರು ಒರೆಸಿಕೊಂಡರು. ಈ ಬಿಪಿ ಹೀಗೇ ಇದ್ದರೆ ತಲೆಯೊಳಗಿನ ರಕ್ತನಾಳ ಕಟ್ಟುತ್ತದೆ, ಇಲ್ಲವೇ ಒಡೆಯುತ್ತದೆ ಎಂದರು. ಉಪ್ಪು ಇಳಿಸಬೇಕು, ನಶ್ಯ ಬಿಡಬೇಕು, ದಿನಾ ನಡೆಯಬೇಕು, ರಾತ್ರಿ ಮಲಗಬೇಕು, ಗುಳಿಗೆ ತಪ್ಪಿಸಬಾರದು.

"ಉಪ್ಪು ಬಿಡಂದ್ರಿ, ನಸಿಪುಡಿ ಬಿಡಂದ್ರಿ. ಉಸುರೊಂದು ಉಳೀತು, ಅದನ್ನೂ ಬಿಡು ಅಂದುಬಿಡ್ರಿ ಸಾಹೇಬ್ರ" ಎಂದಳು ಅವಳು.

ಡಾಕ್ಟರು ನಗಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು, "ನೋಡಮ್ಮ, ಬಾಯಿ ಸೊಟ್ಟ ಆದ್ರೆ, ಒಂದು ಕೈ ಜೋತುಬಿದ್ರೆ, ಮಾತು ತೊದಲಿದ್ರೆ, ಒಂದು ನಿಮಿಷಾನೂ ಕಾಯಬ್ಯಾಡ್ರಿ. ಇದ್ದಂಗೇ ಎತ್ಕೊಂಡು ಬರ್ರಿ. ನೆನಪಿಡ್ತೀರಲ್ಲ?" ನಾನು ನೆಲ ನೋಡುತ್ತ ತಲೆಯಾಡಿಸಿದೆ. ಅವಳೂ ಕೇಳಿಸಿಕೊಂಡಳು.

ಔಷಧಿ ಅಂಗಡಿಯವನು ಗುಳಿಗೆಯ ಪಾಕೀಟಿನ ಮೇಲೆ ಕನ್ನಡದಲ್ಲಿ ಬರೆದು ಕೊಟ್ಟಿದ್ದ. ಬಸ್ಸಿನಲ್ಲಿ ಅವಳು ಕೇಳಿದಳು, ನಾನು ಓದಿ ಹೇಳಿದೆ: ದಿನಕ್ಕೊಂದು, ಬೆಳಗಿನ ಊಟದ ನಂತರ. ಆ ಮಾತು ಅವಳ ತಲೆಯಲ್ಲಿ ಕೂತಿತು. ಅವಳ ತಲೆಯಲ್ಲಿ ಕೂತದ್ದು ಏಳುತ್ತಿರಲಿಲ್ಲ.

ಅವಳು ಸೋಮವಾರ ಶಿವನಿಗೆ ಉಪವಾಸ ಇರುತ್ತಿದ್ದಳು. ಭಾನುವಾರ ಮೈಲಾರಲಿಂಗನ ಹೆಸರಲ್ಲಿ ಸಂಜೆಯವರೆಗೆ ಏನೂ ಮುಟ್ಟುತ್ತಿರಲಿಲ್ಲ. ಅಮಾವಾಸ್ಯೆ ಬೇರೆ. ಶ್ರಾವಣ ಪೂರ್ತಿ ದೀಪ ಹಚ್ಚಿದ ಮೇಲೇ ಊಟ. ಬೆಳಗಿನ ಊಟ ಇಲ್ಲದ ದಿನ ಗುಳಿಗೆಯೂ ಇಲ್ಲ. ನಾನು ಒಂದು ಸೋಮವಾರ ಮೆಲ್ಲಗೆ ಕೇಳಿದೆ.

"ಉಂಡ ಮ್ಯಾಲೆ ಅಂತ ನೀನ ಓದಿದ್ದಿಲ್ಲೇನು? ಉಂಡಿಲ್ಲ, ನುಂಗಿಲ್ಲ. ಬರೆದಿದ್ದು ಮೀರಬಾರದು" ಎಂದಳು.

"ನಶ್ಯ ಹಾಕ್ಕೊಂಡೀಯಲ್ಲಕ್ಕಾ…"

"ಅದು ಹೊಟ್ಟಿಗೆ ಹೋಗ್ತೈತೇನ್ಲೇ? ಉಗುಳಾದದು. ದೇವರಿಗೆ ಗೊತ್ತೈತಿ."

ಉಪವಾಸದ ದಿನ ಹಸಿವು ಅಡಗಿಸಲು ಅವಳಿಗೆ ನಶ್ಯ ಎರಡು ಪಟ್ಟು ಬೇಕಾಗುತ್ತಿತ್ತು. ನೀರಿನ ಜೊತೆ ಒಂದು ಗುಳಿಗೆ ನುಂಗಿದರೆ ವ್ರತ ಕೆಡುತ್ತಿತ್ತು, ಬಾಯಿ ತುಂಬ ಆ ಹೊಲಸು ಇಟ್ಟುಕೊಂಡರೆ ಕೆಡುತ್ತಿರಲಿಲ್ಲ. ಡಾಕ್ಟರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು, ಉಪವಾಸದ ದಿನ ಏನು ಮಾಡಬೇಕೆಂದು. ಅವರು ಗಂಡಸರು, ನನಗೆ ನಾಚಿಕೆ. ಕೇಳಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ನಾನು ಅವಳ ಮನೆಗೆ ಹೋದಾಗ ಮೋಟಾರು ಓಡುತ್ತಲೇ ಇತ್ತು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಅವಳು ಬಲಕ್ಕೆ ವಾಲಿದ್ದಳು. ಬಾಯಿ ಒಂದು ಕಡೆ ಜಗ್ಗಿತ್ತು, ಆ ಮೂಲೆಯಿಂದ ನಶ್ಯದ ಕಂದು ನೀರು ಕುತ್ತಿಗೆಗೆ ಇಳಿಯುತ್ತಿತ್ತು. ನನ್ನನ್ನು ನೋಡಿ ಏನೋ ಹೇಳಿದಳು. ಮಾತಾಗಿರಲಿಲ್ಲ ಅದು.

ಕೂಗಿದೆ. ಮೈದುನ ಬಂದ, ಓಣಿಯವರು ಬಂದರು. "ಲಕ್ವ ಹೊಡದೈತಿ" ಎಂದ ಮೈದುನ. "ಪಾರಿವಾಳ ತರ್ರಿ. ರಕ್ತ ಬಿಸಿ ಇದ್ದಾಗ ತಿಕ್ಕಿದ್ರ ಸಂಜಿಗೆ ಎದ್ದು ಕುಂದರ್ತಾಳ." ಒಬ್ಬ ಮುದುಕಿ, ಲಕ್ವದವರಿಗೆ ಸೂಜಿ ಹಾಕಿಸಿದರೆ ಅಲ್ಲೇ ಪ್ರಾಣ ಹೋಗುತ್ತದೆ, ಆಸ್ಪತ್ರೆಯ ಮಾತು ಎತ್ತಬೇಡಿ ಎಂದಳು. ಹೊರಗೆ ರಸ್ತೆಯಲ್ಲಿ ಆಟೋ ನಿಂತಿತ್ತು, ಕೂಡ್ಲಿಗಿಗೆ ಹೋಗುವ ಆಟೋ. ಅದರವನೂ ಇಳಿದು ಬಂದು ಕಿಟಕಿಯಲ್ಲಿ ಇಣುಕುತ್ತಿದ್ದ.

ನಾನು ಬಾಗಿಲ ಹತ್ತಿರ ನಿಂತು, "ಡಾಕ್ಟ್ರು ಹಂಗೇ ಎತ್ಕೊಂಡು ಬರ್ರಿ ಅಂದಿದ್ರು" ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

ಮೈದುನ ತಿರುಗಿ ನೋಡಿದ. "ಏನಂದಿ ಯಕ್ಕ?"

ಎಲ್ಲರೂ ನನ್ನ ಕಡೆ ನೋಡಿದರು. ಅಷ್ಟು ಜನ ಗಂಡಸರು. ನಾನು ಸೆರಗು ಎಳೆದುಕೊಂಡೆ.

"ಏನಿಲ್ಲ" ಎಂದೆ.

ಆಮೇಲೆ ಅವನು ಬಟ್ಟಲು ತಾ ಎಂದ. ಓಡಿಹೋಗಿ ನಮ್ಮ ಮನೆಯ ಬಟ್ಟಲನ್ನೇ ತಂದೆ, ಹಿಡಿದುಕೊಂಡೂ ನಿಂತೆ. ಪಾರಿವಾಳದ ಕುತ್ತಿಗೆ ಕೊಯ್ದರು. ಅದರ ಕಾಲು ನನ್ನ ಹೆಬ್ಬೆರಳಿಗೆ ತಾಗಿ ಒದೆಯುತ್ತಿತ್ತು. ಬಿಸಿ ರಕ್ತವನ್ನು ಅವಳ ಕೆನ್ನೆಗೆ, ಕುತ್ತಿಗೆಗೆ, ತೋಳಿಗೆ, ಕಾಲಿಗೆ ತಿಕ್ಕಿದರು. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ ಕಂಬಳಿ ಹೊದಿಸಿದರು. ಶ್ರಾವಣದಲ್ಲಿ ಮೊಟ್ಟೆಯನ್ನೂ ಮನೆಯೊಳಗೆ ಬಿಡದವಳು ಅವಳು. ಮಧ್ಯಾಹ್ನದ ಹೊತ್ತಿಗೆ ರಕ್ತ, ನಶ್ಯ, ಅವಳಿಗೆ ಗೊತ್ತಿಲ್ಲದೆ ಹೋದ ಉಚ್ಚೆ, ಎಲ್ಲ ಕಲೆತ ವಾಸನೆಗೆ ಒಳಗೆ ನಿಲ್ಲಲಾಗುತ್ತಿರಲಿಲ್ಲ. ನೊಣಗಳು ಬಾಯಿಯ ಸೊಟ್ಟ ಮೂಲೆಗೇ ಮುತ್ತುತ್ತಿದ್ದವು. ನಾನು ಸೆರಗಿನಿಂದ ಓಡಿಸುತ್ತಿದ್ದೆ, ಅವು ಮತ್ತೆ ಬಂದು ಕೂರುತ್ತಿದ್ದವು.

ಅವಳಿಗೆ ಎಚ್ಚರವಿತ್ತು. ಡಾಕ್ಟರು ಎತ್ಕೊಂಡು ಬರ್ರಿ ಎಂದು ಹೇಳುವಾಗ ಅವರ ಮುಂದೆ ಅವಳೂ ಕೂತಿದ್ದಳಲ್ಲ… ರಕ್ತ ಮೆತ್ತಿದ ಮುಖದೊಳಗಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮಾತು ಹೋಗಿತ್ತು. ನನಗೆ ಮಾತಿತ್ತು.

ಮರುದಿನ ಕುರಿ ಬಿಟ್ಟು ಅವಳ ಗಂಡ ಓಡಿಬಂದ. ಅವಳನ್ನು ನೋಡಿದವನೇ ಯಾರನ್ನೂ ಕೇಳದೆ ಆಟೋಕ್ಕೆ ಹಾಕಿದ. ನಾನೂ ಹೋದೆ. ಅದೇ ಡಾಕ್ಟರು. ಅವಳ ಕಿವಿಯ ಸಂದಿಯಲ್ಲಿ ಒಣಗಿ ಹಕ್ಕಳೆಗಟ್ಟಿದ್ದನ್ನು ಉಗುರಿನಿಂದ ಕೆರೆದು, "ಏನಿದು?" ಎಂದರು. ಬೆರಳು ಮೂಸಿದರು. ಅವರಿಗೆ ಗೊತ್ತಾಯಿತು. ಕೈ ತೊಳೆದುಕೊಂಡರು, ಒರೆಸಿಕೊಂಡು ಮತ್ತೆ ತೊಳೆದುಕೊಂಡರು. "ನಿನ್ನೆ ಆದಾಗಲೇ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದು ನನ್ನ ಕಡೆ ನೋಡಿದರು. ನಾನು ಆವತ್ತೂ ನೆಲವನ್ನೇ ನೋಡಿದೆ.

ಅವಳು ಸಾಯಲಿಲ್ಲ. ಮೂರು ವರ್ಷ ಕಟ್ಟೆಯ ಮೇಲೆ ಕೂತಿದ್ದಳು. ಮುಖ ಅಷ್ಟಿಷ್ಟು ನೆಟ್ಟಗಾಯಿತು, ಕಾಲು ಎಳೆಯುತ್ತ ನಾಲ್ಕು ಹೆಜ್ಜೆ ಇಟ್ಟಳು. ತಲೆ ಮಾತ್ರ ಬರಲಿಲ್ಲ. ಒಂದು ಸಲ ನನ್ನನ್ನು ಹತ್ತಿರ ಕರೆದು, ತಿರುಗಿಸಿ ನಿಲ್ಲಿಸಿ, ಎಡಗೈಯಿಂದ ನನ್ನ ಬೆನ್ನಿನ ಮೇಲೆ ಗೇಣು ಹಾಕಿದಳು. ಹಾಕಿ ನಿಂತಳು. ಲೆಕ್ಕ ಬರಲಿಲ್ಲ. ಮತ್ತೆ ಹಾಕಿದಳು. ಆ… ಆ… ಎಂದಳು. ಆಮೇಲೆ ನನ್ನ ಬೆನ್ನಿಗೆ ಜೋರಾಗಿ ಹೊಡೆದಳು. ನಾನು ತಿರುಗಲಿಲ್ಲ. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅಷ್ಟು ಮಾತಾಡುತ್ತಿದ್ದವಳಿಗೆ ಒಂದೇ ಒಂದು ಮಾತು ಉಳಿದಿತ್ತು. "ನಸಿ." ಹಸಿದರೂ ನಸಿ, ಬಯಲಿಗೆ ಹೋಗಬೇಕಾದರೂ ನಸಿ, ಅಳುವಾಗಲೂ ನಸಿ. ಬಾಯಿ ತೆರೆದು ಕಾಯುತ್ತಿದ್ದಳು. ಮನೆಯವರು ಇಲ್ಲದಾಗ ನಾನೇ ಬೆರಳಲ್ಲಿ ಪುಡಿ ತೆಗೆದು ಆ ಕಪ್ಪು ಒಸಡಿಗೆ ತಿಕ್ಕುತ್ತಿದ್ದೆ. ಕೊಡಬಾರದೆಂದು ಗೊತ್ತಿತ್ತು. ಆವತ್ತು ಬಾಯಿ ಬಿಡದವಳು ಇವತ್ತು ಯಾವ ಬಾಯಿಂದ ಬೇಡ ಎನ್ನಲಿ? ಆಮೇಲೆ ಮನೆಗೆ ಬಂದು ಸೋಪು ಹಾಕಿ ಎಷ್ಟು ತೊಳೆದರೂ ಆ ಬೆರಳಲ್ಲಿ ತುತ್ತು ಎತ್ತಲು ಆಗುತ್ತಿರಲಿಲ್ಲ. ಎರಡನೆಯ ಸಲ ಲಕ್ವ ಹೊಡೆದಾಗ ಹೋದಳು. ಕೂಡ್ಲಿಗಿಯ ಟೇಲರ್ ಹತ್ತಿರ ಹೋಗುವಾಗ ನಾನು ಈಗ ಹಳೆಯ ಜಂಪರ್ ಒಯ್ಯುತ್ತೇನೆ, ಅಳತೆಗೆ. ನನ್ನನ್ನು ನೋಡಿದ ಕೂಡಲೇ, ಇಳಿದೀಯಲ್ಲ ಎಂದು ಬೈಯುವವರು ಯಾರೂ ಇಲ್ಲ.

ನಿಮ್ಮನ್ನು ನೋಡಿದಾಗಲೂ ಕೆಲವು ಸಲ ನನಗೆ ಹೇಸಿಗೆಯಾಗುತ್ತದೆ ಎಂದರೆ ಸಿಟ್ಟು ಮಾಡಿಕೊಳ್ಳಬೇಡಿ. ಪ್ರವೀಣ, ನೀನು ಮೊಬೈಲ್ ನೋಡುತ್ತ ಚಿಪ್ಸ್ ಪಾಕೀಟಿನ ತಳದ ಉಪ್ಪುಖಾರವನ್ನು ಬೆರಳಿಂದ ಬಳಿದು ನೆಕ್ಕುತ್ತೀಯಲ್ಲ, ನಾನು ಎದ್ದು ಒಳಗೆ ಹೋಗುವುದು ಅದಕ್ಕೇ. ಕಾವ್ಯಾ, ನಿದ್ದೆಗೆಟ್ಟು ಓದುವುದನ್ನು ದೊಡ್ಡದಾಗಿ ಹೇಳಿಕೊಳ್ಳಬೇಡ, ತಾಯಿ. ಅವಳೂ ಹಾಗೇ ಹೇಳಿಕೊಳ್ಳುತ್ತಿದ್ದಳು.

ನನಗೂ ಈಗ ಬಿಪಿ ಇದೆ. ಉಪವಾಸದ ದಿನವೂ ಗುಳಿಗೆ ನುಂಗಬೇಕೇ ಎಂದು ಈ ಸಲ ಡಾಕ್ಟರನ್ನು ಕೇಳಿದೆ, ಕುತ್ತಿಗೆಯೆಲ್ಲ ಬೆವರಿತು, ಆದರೂ ಕೇಳಿದೆ. ನುಂಗಲೇಬೇಕು ಎಂದರು. ನುಂಗುತ್ತಿದ್ದೇನೆ. ಆದರೂ ಹೇಳಲಾಗದು. ಒಂದು ದಿನ ನನ್ನ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಇದ್ದ ಸ್ಥಿತಿಯಲ್ಲೇ ನನ್ನನ್ನು ಗಾಡಿಗೆ ಹಾಕಿ. ಸೀರೆ ಸರಿಮಾಡಲು ನಿಲ್ಲಬೇಡಿ. ಆವತ್ತು ಊರಿನವರು ಬರುತ್ತಾರೆ, ಪಾರಿವಾಳ ಎನ್ನುತ್ತಾರೆ, ಸೂಜಿ ಬೇಡ ಎನ್ನುತ್ತಾರೆ. ಹಿರಿಯರ ಮುಂದೆ ನಿಮಗೂ ನಾಲಿಗೆ ಏಳದೇ ಹೋಗಬಹುದು, ನೀವು ನನ್ನ ಮೊಮ್ಮಕ್ಕಳು. ನನಗಂತೂ ಆಗ ಮಾತೇ ಇರುವುದಿಲ್ಲ. ಅದಕ್ಕೇ ಈ ಹಾಳೆಗಳನ್ನು ಹರಿಯಬೇಡಿ, ರೇಷನ್ ಕಾರ್ಡು ಇಡುವ ಚೀಲದಲ್ಲಿ ಕೈಗೆ ಸಿಗುವ ಹಾಗೆ ಜೋಪಾನವಾಗಿಡಿ. ಯಾರಾದರೂ ಅಡ್ಡ ನಿಂತರೆ ತೆಗೆದು ಓದಿ. ಗಟ್ಟಿಯಾಗಿ ಓದಿ.