ಮಾವ ವೀಳ್ಯ ಕೊಟ್ಟದ್ದು ಯಾರಿಗೆ

ನನ್ನ ಮದುವೆಯ ಮಾತು ಮುರಿದುಬೀಳುವುದರಲ್ಲಿತ್ತು, ಅದೂ ಭೇದಿ ನಿಲ್ಲಿಸುವ ಗುಳಿಗೆಯಿಂದ. ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ಆವತ್ತು ನನಗೆ ನಗು ಬಂದಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಬಕದ ನಮ್ಮ ಮನೆಯಲ್ಲಿ ನಿಶ್ಚಿತಾರ್ಥ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮದು ಅಳಿಯಕಟ್ಟಿನ ಮನೆತನ, ಕುಟುಂಬ ಎಣಿಸುವುದು ತಾಯಿಯ ಕಡೆಯಿಂದ. ಸಭೆಯಲ್ಲಿ ವೀಳ್ಯದ ಹರಿವಾಣ ಹಿಡಿದು ಹೆಣ್ಣು ಕೊಡುವ ಮಾತಾಡಬೇಕಾದವರು ಸೋದರಮಾವ, ಅಂದರೆ ಅಮ್ಮನ ತಮ್ಮ. ಹಿಂದಿನ ದಿನವೇ ಅವರಿಗೆ ಹೊಟ್ಟೆ ಕೆಟ್ಟಿತು. ಸಭೆಯ ನಡುವೆ ಎದ್ದು ಓಡಬೇಕಾಗಿ ಬಂದರೆ ಮರ್ಯಾದೆಯ ಗತಿಯೇನು? ಪೇಟೆಯಿಂದ ಗುಳಿಗೆ ತರಿಸಿದರು. ದಾಳಿಂಬೆ ಸಿಪ್ಪೆಯ ಕಷಾಯವನ್ನು ಹೋಗಿಬಂದಾಗಲೆಲ್ಲ ಒಂದು ಲೋಟ ಕುಡಿಯುವುದು ನಮ್ಮಲ್ಲಿ ರೂಢಿ. ಮಾವ ಗುಳಿಗೆಗೂ ಅದೇ ಕ್ರಮ ಹಿಡಿದರು, ಹೋಗಿಬಂದಾಗಲೆಲ್ಲ ಎರಡೆರಡು.

ಭೇದಿಯೇನೋ ನಿಂತಿತು. ಮರುದಿನ ಸಭೆ ಕೂಡುವಾಗ ಮಾವನ ಮುಖ ಕೆಂಪೇರಿತ್ತು, ತುಟಿ ಒಣಗಿತ್ತು, ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದರು. ಹರಿವಾಣ ಎತ್ತಿಕೊಂಡವರು ಎದುರಿಗೆ ಕುಳಿತಿದ್ದ ಹುಡುಗನ ತಾಯಿಯನ್ನು ದಾಟಿ ಹೋಗಿ, ಖಾಲಿ ಚಾಪೆಯ ಮುಂದೆ ಬಗ್ಗಿ, "ಅಕ್ಕಾ, ಹಿಡ್ಕೊ" ಎಂದರು. ಹರಿವಾಣ ನೆಲಕ್ಕೆ ಬಿತ್ತು.

"ಎಂತ ಇದು? ಮಂಡೆ ಸಮ ಇಲ್ಲದ ಕುಟುಂಬವಾ?" ಹುಡುಗನ ತಾಯಿ ಎದ್ದೇಬಿಟ್ಟರು.

ಅಪ್ಪನ ತಮ್ಮ ಹೀಗಾಡಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅಳಿಯಕಟ್ಟಿನವರಿಗೆ ಮಾವನ ರಕ್ತವೇ ನನ್ನ ರಕ್ತ. ಮಾವನಿಗೆ ಹುಚ್ಚೆಂದರೆ ನಾಳೆ ನನ್ನ ಮಕ್ಕಳಿಗೂ ಹುಚ್ಚು. ಮಾವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹುಡುಗ ನನಗೆ ಇಷ್ಟವಾಗಿದ್ದ. ಅದನ್ನು ಹೇಳಲು ಈಗ ನಾಚಿಕೆಯೇನು?

ದರ್ಬೆಯ ಡಾಕ್ಟರರು ಮಾವನ ಕಣ್ಣಿಗೆ ಟಾರ್ಚು ಬಿಟ್ಟು, ನಾಲಿಗೆ ನೋಡಿ, ಎಷ್ಟು ಗುಳಿಗೆ ನುಂಗಿದ್ದಾರೆಂದು ಕೇಳಿದರು. ಅಂಗಿ ಜೇಬಿನಲ್ಲಿ ಎರಡು ಖಾಲಿ ಪಟ್ಟಿ ಸಿಕ್ಕಿದವು.

"ಹುಚ್ಚು ಅಲ್ಲ ಮಾರಾಯ್ರೆ, ಗುಳಿಗೆ ಮಂಡೆಗೆ ಏರಿದ್ದು. ಇಳೀತದೆ. ಆದ್ರೆ ಉಸಿರು ನೋಡ್ತಾ ಇರ್ಬೇಕು, ಇಲ್ಲೇ ಇರಲಿ."

ಮಾವ ಮನೆಗೆ ಬಂದ ಮೇಲೆ ಹುಡುಗನ ತಾಯಿ ಪರೀಕ್ಷೆ ಮಾಡಲೆಂದೇ ಬಂದರು. ಮಾವ ಗಂಜಿ ಉಣ್ಣುತ್ತಿದ್ದರು. ಬಂದವರು ನಮ್ಮ ಕುಟುಂಬದ ನಾಲ್ಕು ತಲೆಮಾರಿನ ಹೆಸರು ಕೇಳಿದರು. ಮಾವ ಎಲ್ಲೂ ತಪ್ಪಲಿಲ್ಲ. ಕೊನೆಗೆ, "ಆವತ್ತು ಚಾಪೆಯಲ್ಲಿ ಕಂಡದ್ದು ಯಾರು?" ಎಂದರು. ನೆನಪಿಲ್ಲ ಎಂದುಬಿಡಿ ಎಂದು ನಾನು ಬಾಗಿಲ ಮರೆಯಿಂದ ಕೈಬಾಯಿ ಸನ್ನೆ ಮಾಡಿದೆ.

"ಅಕ್ಕ," ಎಂದರು ಮಾವ. "ಗುಳಿಗೆಯಿಂದ ಅಂತ ಈಗ ಗೊತ್ತುಂಟು. ಆದ್ರೆ ಹಸಿರು ಸೀರೆ ಉಟ್ಟು ಕೂತಿದ್ದಳು. ಅವಳು ಇರುವಾಗ ಅವಳ ಮಗಳನ್ನು ನಾನು ಕೊಡುದು ಹೇಗೆ?"

ಹುಡುಗನ ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಹಾಗಾದ್ರೆ ಅವಳ ಕೈಗೆ ಮುಟ್ಟಿತು. ಇನ್ನು ನನ್ನ ಕೈಗೆ ಕೊಡಿ. ಹರಿವಾಣ ಎಲ್ಲುಂಟು?"

ಹರಿವಾಣವನ್ನು ನಾನೇ ಓಡಿಹೋಗಿ ತಂದೆ. ಮಾವನ ಮೇಲಿನ ಸಿಟ್ಟು ಅಲ್ಲಿಗೇ ಇಳಿಯಿತು. ಹೊಟ್ಟೆಕಿಚ್ಚು ಮಾತ್ರ ಇವತ್ತಿಗೂ ಇಳಿದಿಲ್ಲ. ಅಮ್ಮ ನನ್ನ ನಿಶ್ಚಿತಾರ್ಥಕ್ಕೆ ಬಂದಿದ್ದಳು, ನನಗೆ ಕಾಣಿಸಲಿಲ್ಲ.