ಬುರುಡೆಯಲ್ಲಿ ನೀರಿದೆ ಎಂದ ನೆಲಿದಾ

ನಮ್ಮ ಪಾಯ್ಸಾಂದು ಊರಿನಲ್ಲಿ, ನದಿಯ ಕಡೆಗೆ ಇಳಿಯುವ ಬೀದಿಯ ಬೇಕರಿಯಲ್ಲಿ ನೆಲಿದಾ ಬೆಂತಾಂಕೋರ್ ಕೂರುತ್ತಿದ್ದಳು. ತಕ್ಕಡಿಯ ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಅವಳು ಪೊಟ್ಟಣ ಕಟ್ಟಿದವಳಲ್ಲ. ಒಂದು ಬನ್ ಹೆಚ್ಚಿಗೆ ಹಾಕು ಎಂದು ಪಾದ್ರಿಗಳೇ ಕೇಳಿದರೂ ಹಾಕಿದವಳಲ್ಲ.

ಶನಿವಾರ ಸಂಜೆ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ನಾವು ಐದು ಮಂದಿ ಒಂದು ಆಟ ಆಡುತ್ತಿದ್ದೆವು. ನಿಯಮ ಮಾಡುವುದೇ ಆ ಆಟ. ಮಾಟೆ ಎಂಬ ಸೊಪ್ಪಿನ ಚಹಾ ಕುಡಿಯುವ ಸೋರೆಬುರುಡೆ ಸುತ್ತು ಬರುತ್ತದೆ. ಬುರುಡೆ ಯಾರ ಕೈಯಲ್ಲೋ ಸರದಿ ಅವರದು. ಕೊಳವೆಯಲ್ಲಿ ಹೀರುತ್ತ ಒಂದು ಹೊಸ ನಿಯಮ ಹೇಳಬೇಕು, ಇಲ್ಲವೇ ಹಳೆಯದೊಂದನ್ನು ತೆಗೆಯಬೇಕು. ಹೆಚ್ಚು ಕೈ ಎದ್ದರೆ ಅದು ನಿಲ್ಲುತ್ತದೆ, ಹೇಳಿದವರ ಬಟ್ಟಲಿಗೆ ಅವರೆಕಾಳು ಬೀಳುತ್ತದೆ. ಯಾರದಾದರೂ ಬಟ್ಟಲು ತುಂಬಿದರೆ ಆಟ ಮುಗಿಯಿತು. ಅಷ್ಟರಲ್ಲಿ ವರ್ಷವೇ ಕಳೆದಿರುತ್ತದೆ; ನಿಯಮಗಳು ಮಾತ್ರ ಹೊಸ ಆಟಕ್ಕೂ ಉಳಿಯುತ್ತವೆ. ನಿಯಮದ ಅರ್ಥದಲ್ಲಿ ಸಂಶಯ ಬಂದರೆ, ಸರದಿಯವರಿಗಿಂತ ಮುಂಚೆ ಕುಡಿದವರದೇ ತೀರ್ಪು. ಅದನ್ನು ಅಳಿಸಬೇಕಾದರೆ ಉಳಿದವರೆಲ್ಲರೂ ಒಟ್ಟಿಗೆ ಕೈ ಎತ್ತಬೇಕು.

ಒಬ್ಬರು ಕುಡಿದು ಮುಗಿಸಿದ ಬುರುಡೆಗೆ ಮತ್ತೆ ಬಿಸಿ ನೀರು ಹೊಯ್ದು ಮುಂದಿನವರಿಗೆ ಕೊಡುವ ಕೆಲಸ ನನ್ನದು.

ನಮ್ಮಲ್ಲಿ ಬುರುಡೆ ಹಿಂದಿರುಗಿಸುತ್ತ "ಉಪಕಾರ ಆಯ್ತು" ಎಂದರೆ ಇನ್ನು ಸಾಕು ಎಂದರ್ಥ. ಕ್ಷೌರದಂಗಡಿಯ ಬಾಲ್ತಸಾರ್ ಪ್ರತಿವಾರ ಹಾಗೆ ಹೇಳಿ, ಆಟ ಅರ್ಧಕ್ಕೆ ಬಿಟ್ಟು ಫುಟ್ಬಾಲ್ ನೋಡಲು ಓಡುತ್ತಿದ್ದ. ಅದಕ್ಕೆ ನೆಲಿದಾ ಒಂದು ನಿಯಮ ತಂದಳು: ಬುರುಡೆ ಹಿಂದಿರುಗಿಸುತ್ತ ಉಪಕಾರ ಹೇಳಿದವರು ಆ ಆಟ ಮುಗಿಯುವವರೆಗೆ ಮೇಜಿಗೆ ಬರಬಾರದು. ಬಾಲ್ತಸಾರ್ ಬಾಯಿ ಮುಚ್ಚಿಕೊಂಡ. ಸಿಕ್ಕಿಬಿದ್ದವಳು ನೆಲಿದಾಳ ಚಿಕ್ಕಪ್ಪನ ಮಗಳು ಇಲ್ದಾ. ಯಾರೋ ಕಿಟಕಿ ಮುಚ್ಚಿಕೊಟ್ಟರೆಂದು, ಬುರುಡೆ ನನ್ನ ಕೈಗೆ ಕೊಡುತ್ತಲೇ ಅವರಿಗೆ ಉಪಕಾರ ಹೇಳಿಬಿಟ್ಟಳು. ಅವರಿಬ್ಬರ ನಡುವೆ ಕೂರುವ ಗುಮೆರ್ಸಿಂದೊ ಅಂದು ಬಂದಿರಲಿಲ್ಲ; ಮುಂಚೆ ಕುಡಿದವಳು ನೆಲಿದಾ, ತೀರ್ಪೂ ಅವಳದೇ. "ಯಾರಿಗೆ ಹೇಳ್ದೆ ಅಂತ ನಿಯಮ ಕೇಳಲ್ಲ ಇಲ್ದಾ, ಹೇಳ್ದ್ಯಾ ಇಲ್ವಾ ಅಂತಷ್ಟೇ ಕೇಳತ್ತೆ." ಹೊಸ ಆಟ ಶುರುವಾಗುವ ತನಕ ಇಲ್ದಾ ಆ ಬೇಕರಿಯ ಮೆಟ್ಟಿಲು ಹತ್ತಲಿಲ್ಲ.

ಮಾರನೆಯ ವರ್ಷ ಗುಮೆರ್ಸಿಂದೊನ ಹೆಂಡತಿ ಎಲ್ಬಿಯಾ ತೀರಿಕೊಂಡಳು. ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವುದು ಅವನ ಕಸುಬು. ಆಮೇಲೆ ಅಂಗಡಿಯ ಬಾಗಿಲೇ ತೆರೆಯಲಿಲ್ಲ, ಗಡ್ಡ ಬೋಳಿಸಲಿಲ್ಲ, ಕರೆದರೂ ಹೊರಗೆ ಬರಲಿಲ್ಲ. ಅವನು ಹಾಗೇ ಒಣಗಿಹೋಗುತ್ತಾನೇನೋ ಎಂದು ನಮಗೆಲ್ಲ ಹೆದರಿಕೆ. ಚಳಿಗಾಲದ ಒಂದು ಶನಿವಾರ, ಯಾರೂ ನೆನೆಸಿರಲಿಲ್ಲ, ನುಣ್ಣಗೆ ಗಡ್ಡ ಬೋಳಿಸಿಕೊಂಡು ಬಂದು ತನ್ನ ಜಾಗದಲ್ಲಿ ಕೂತ. ನೆಲಿದಾ ಕುಡಿದಳು, ನಾನು ಮತ್ತೆ ನೀರು ಹೊಯ್ದು ಅವನ ಕೈಗೆ ಕೊಟ್ಟೆ. ಕುಂಬಳಕಾಯಿಯ ಮಾತೇನೋ ನಡೆದಿತ್ತು. ಎಲ್ಬಿಯಾ ಮಾಡುತ್ತಿದ್ದ ಕುಂಬಳದ ಸಿಹಿಯಂಥದ್ದು ಈ ಊರಿನಲ್ಲಿ ಇನ್ನು ತಿನ್ನಲು ಸಿಗದು ಎಂದ ಬಾಲ್ತಸಾರ್. ಗುಮೆರ್ಸಿಂದೊ ಬುರುಡೆಯನ್ನು ನನ್ನತ್ತ ಚಾಚಿದವನು ಅವನ ಕಡೆ ತಿರುಗಿದ.

"ಉಪಕಾರ ಆಯ್ತು, ಬಾಲ್ತಸಾರ್."

ಏನು ಹೇಳಿದೆನೆಂದು ಅವನಿಗೂ ಆಗಲೇ ಹೊಳೆಯಿತು. ನಿಯಮ ನಿಯಮವೇ ಎಂದು ಗೊಣಗಿ ಟೋಪಿ ಹಾಕಿಕೊಂಡು ಎದ್ದ. ಹೋದರೆ ಇನ್ನು ಆ ಮನೆಯಿಂದ ಹೊರಡುವವನಲ್ಲ ಎಂದು ನಮಗೆಲ್ಲ ಗೊತ್ತಿತ್ತು. ದುಃಖದಲ್ಲಿ ಹೇಳಿದ್ದಕ್ಕೆ ನಿಯಮ ಹಿಡಿಯುವುದಿಲ್ಲ ಎನ್ನೋಣವೆಂದರೆ, ಎದುರಿಗೇ ಇಲ್ದಾ ಕೂತಿದ್ದಾಳೆ. ಮುಂಚೆ ಕುಡಿದವಳು ನೆಲಿದಾ. ತೀರ್ಪು ಮತ್ತೆ ಅವಳದೇ.

ನೆಲಿದಾ ಅವನ ಟೋಪಿಯನ್ನು ನೋಡಲಿಲ್ಲ. ನನ್ನ ಕೈ ಸೇರುವ ಮೊದಲೇ ಬುರುಡೆಯನ್ನು ಎತ್ತಿಕೊಂಡು ಕೊಳವೆಗೆ ಬಾಯಿಟ್ಟು ಹೀರಿದಳು. ಗೊರ್ ಎಂದಿತು. ನೀರು ಖಾಲಿಯಾದ ಬುರುಡೆ ಮಾಡುವ ಸದ್ದು; ಈ ದೇಶದಲ್ಲಿ ಕೂಸಿಗೂ ಅದರ ಗುರುತಿದೆ.

"ಇನ್ನೂ ನೀರಿದೆ," ಎಂದಳು. "ಕುಡ್ದು ಮುಗಿಸದೆ ಯಾರೂ ಬುರುಡೆ ಹಿಂದಿರುಗಿಸಲ್ಲ. ಅಂದ್ಮೇಲೆ ಇವನು ಹಿಂದಿರುಗಿಸಿಲ್ಲ, ಸುಮ್ನೆ ಕೈ ಚಾಚಿದಾನೆ. ನಿಯಮ ಇದಕ್ಕೆ ಬರಲ್ಲ."

ಬಾಲ್ತಸಾರ್ ಮೇಜಿನ ಗೀರುಗಳನ್ನು ನೋಡುತ್ತ ಕೂತ. ನಾನು ಕೆಟಲಿನ ಮುಚ್ಚಳ ಸರಿಮಾಡಿದೆ. ಕೈ ಎತ್ತುವವರಿದ್ದಾರೆಯೇ ಎಂದು ನೆಲಿದಾ ಕೇಳಿದಳು. ಕೇಳಲೇಬೇಕು, ಅದೂ ನಿಯಮ. ಕೇಳಿದ್ದು ಮಾತ್ರ ಇಲ್ದಾಳ ಮುಖ ನೋಡಿ.

ಇಲ್ದಾ ಶಾಲು ಎಳೆದುಕೊಂಡಳು.

"ಇತ್ತು ನೀರು. ನಂಗೂ ಕೇಳಿಸ್ತು," ಎಂದಳು. "ಆದ್ರೆ ಅಕ್ಕಾ, ಮುಂದೆ ನನ್ನ ಬುರುಡೇಲೂ ಹೀಗೇ ನೀರಿರತ್ತೆ. ನೆನಪಿಟ್ಕೋ."

"ಇರ್ಲಿ," ಎಂದಳು ನೆಲಿದಾ. ಅವಳ ಕಿವಿ ಕೆಂಪಾಗಿತ್ತು. "ಕೂತ್ಕೊ ಗುಮೆ. ಸರದಿ ಇನ್ನೂ ನಿಂದೇ. ಕುಡ್ದು ಮುಗಿಸು."

ಅವನು ಟೋಪಿ ತೆಗೆದಿಟ್ಟು ಕೂತ. ಅವಳು ಮರಳಿ ಕೊಟ್ಟ ಖಾಲಿ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿ ನೀರಿದ್ದರೆ ಹೇಗೋ ಹಾಗೆ, ನಿಧಾನವಾಗಿ, ಸದ್ದಾಗದಂತೆ ಹೀರಿದ. ಏನೂ ಹೇಳದೆ ನನ್ನ ಕೈಗೆ ಕೊಟ್ಟ. ನಾನು ನೀರು ಹೊಯ್ದು ಇಲ್ದಾಳತ್ತ ದಾಟಿಸಿದೆ.